ಏಳನೇ ನಂಬರಿಗೆ ಹಾಕಿದ ಹಾರ

ಮೊದಲೇ ಕ್ಷಮೆ ಕೇಳಿಬಿಡುತ್ತೇನೆ. ನನ್ನ ಅಕ್ಷರ ಕಾಗೆ ಕಾಲು, ಗುಬ್ಬಿ ಕಾಲು. ಮಾತು ಅದಕ್ಕಿಂತ ಕಡೆ. ಒಂಬತ್ತನೇ ಕ್ಲಾಸಿಗೇ ಶಾಲೆ ಬಿಟ್ಟವಳು ನಾನು. ಹೊರಗಿನವರು ಒಬ್ಬರು ಎದುರಿಗೆ ನಿಂತರೂ ನಾಲಿಗೆ ಅಂಗುಳಕ್ಕೆ ಅಂಟಿಕೊಳ್ಳುತ್ತದೆ. ಓದಲು ಕಷ್ಟವಾದ ಕಡೆ ದಯವಿಟ್ಟು ದಾಟಿಕೊಂಡು ಹೋಗಿ.

ಆದರೆ ಒಂದು ವಿಷಯದಲ್ಲಿ ನನ್ನಂಥವಳು ಇಡೀ ಹೊಸನಗರ ತಾಲ್ಲೂಕಿನಲ್ಲೇ ಇಲ್ಲವೆಂದು ನನಗೆ ನಾನೇ ಕಿರೀಟ ತೊಡಿಸಿಕೊಂಡಿದ್ದೆ. ಇಂಜಿನ್ನು ಒಂದು ಸಲ ಕೆಮ್ಮಿದರೆ ಸಾಕು, ಅದಕ್ಕೆ ನೆಗಡಿಯೋ ದಮ್ಮೋ ಎಂದು ಕಿವಿಯಲ್ಲೇ ಹೇಳಬಲ್ಲೆ ಎಂಬ ಜಂಬ!

ಜಂಬ ಬಂದದ್ದು ಅಪ್ಪನ ಕೆಲಸದಿಂದ. ಅಪ್ಪ ಭೂತಪ್ಪ ಮಾಸ್ತಿಕಟ್ಟೆಯ ಅಣೆಕಟ್ಟೆ ಕೆಲಸದಲ್ಲಿ ಕಂಟ್ರಾಕ್ಟರ್ ಧಣಿಯ ಡಂಪರ್ ಓಡಿಸುತ್ತಾರೆ. ಡಂಪರ್ ಎಂದರೆ ಮಣ್ಣು, ಬಂಡೆ ಹೊರುವ ರಾಕ್ಷಸ ಲಾರಿ. ಅದರ ಚಕ್ರವೇ ನನ್ನ ಎತ್ತರ. ಅಪ್ಪನದು ಏಳನೇ ನಂಬರು. ಪಕ್ಕದ ಮನೆಯ ಜಟ್ಟಿಂಗಪ್ಪಣ್ಣನದು ನಾಲ್ಕನೇ ನಂಬರು. ಎರಡಕ್ಕೂ ವಯಸ್ಸಾಗಿತ್ತು. ನವರಾತ್ರಿಗೆ ಮುಂಚೆ ಧಣಿ ಷೆಡ್ಡಿಗೆ ಬಂದು ತೀರ್ಪು ಕೊಟ್ಟರು:

“ಎರಡರಲ್ಲಿ ಒಂದು ಗುಜರಿಗೆ. ಆಯುಧ ಪೂಜೆ ದಿನ ಕ್ರಷರಿನಿಂದ ಚೆಕ್‌ಪೋಸ್ಟಿನ ತನಕ ಖಾಲಿ ಗಾಡಿ ಓಡಿಸಿ. ಸೋತ ಗಾಡಿ ತೂಕಕ್ಕೆ, ಅದರ ಡ್ರೈವರು ಗೇಟು ಕಾಯೋಕೆ. ಅಲ್ಲಿ ತನಕ ನಿಮ್ಮ ಕೈಲಾದ್ದು ಮಾಡ್ಕೊಳ್ಳಿ.”

ಗೇಟು ಕಾಯುವುದು! ಮೊದಲು ಕಾರ್ಗಲ್ಲಿನಲ್ಲಿ, ಆಮೇಲೆ ಇಲ್ಲಿ, ಪ್ರಾಯವೆಲ್ಲ ಸ್ಟೀರಿಂಗ್ ಹಿಡಿದ ಕೈಗೆ ಬಿದಿರು ದೊಣ್ಣೆ! ಅಂದು ಅಪ್ಪ ಊಟಕ್ಕೆ ಕೂತವರು ಅನ್ನ ಕಲಸಿದರು, ಕಲಸಿದರು, ಬಾಯಿಗೆ ಇಡಲೇ ಇಲ್ಲ. ಅದನ್ನು ನೋಡಿ ನಾನು ಸಾರಿನ ಪಾತ್ರೆ ಮುಟ್ಟಿ ಶಪಥ ಮಾಡಿದೆ: ಏಳನೇ ನಂಬರಿನ ರೋಗ ಹಿಡಿಯುವವಳು ನಾನೇ!

ರೋಗ ಇಷ್ಟು. ಗಾಡಿಗೆ ಟರ್ಬೋ ಎಂಬುದೊಂದಿದೆ. ಅಪ್ಪನಿಗೆ ಬುತ್ತಿ ಕೊಡಲು ಹೋದಾಗಲೆಲ್ಲ ಷೆಡ್ಡಿನಲ್ಲಿ ಗಾಡಿ ರಿಪೇರಿ ಮಾಡುವ ಹೇರಂಬ ಮೇಸ್ತ್ರಿಯ ಮಾತಿಗೆ ಕಿವಿಗೊಟ್ಟು ಕಲಿತದ್ದು. ಇಂಜಿನ್ನು ಉಗುಳುವ ಹೊಗೆ ಒಂದು ಪುಟ್ಟ ಫ್ಯಾನನ್ನು ತಿರುಗಿಸುತ್ತದೆ. ಅದರ ಜೊತೆಗೇ ತಿರುಗುವ ಇನ್ನೊಂದು ಫ್ಯಾನು ಹೊರಗಿನ ಗಾಳಿಯನ್ನು ಇಂಜಿನ್ನಿಗೆ ತುರುಕುತ್ತದೆ. ಗಾಳಿ ಹೆಚ್ಚಿದಷ್ಟೂ ಬಲ. ಒಲೆಗೆ ಊದುಕೊಳವೆ ಇದ್ದ ಹಾಗೆ. ಆದರೆ ಇಲ್ಲಿ ಊದುವುದೂ ಒಲೆಯೇ! ಫ್ಯಾನು ಬಿರುಸಾದಾಗ ಸಿಳ್ಳೆ ಕೇಳುತ್ತದೆ. ನಾಲ್ಕನೇ ನಂಬರು ಹೊರಟ ತುಸು ಹೊತ್ತಿಗೇ ಸಿಳ್ಳೆ ಹಾಕುತ್ತಿತ್ತು. ನಮ್ಮದು ಅರ್ಧ ದಾರಿ ಕಳೆದ ಮೇಲೆ, ತಾಳಿ ಕಟ್ಟಿ ಮುಗಿದ ಮೇಲೆ ಓಡಿ ಬಂದ ವಾಲಗದವನ ಹಾಗೆ, ಪೀ ಎನ್ನುತ್ತಿತ್ತು.

“ಅಮ್ಮಾ, ಗಾಳಿ ಎಲ್ಲೋ ಸೋರ್ತಾ ಇದೆ. ಅಪ್ಪಂಗೆ ಹೇಳು,” ಎಂದೆ.

“ಅಪ್ಪ ಇಲ್ಲೇ ಕೂತಿದ್ದಾರಲ್ಲೇ! ನೀನೇ ಹೇಳು.”

“ಗಾಡಿ ವಿಷ್ಯ. ನಂಗೆ ನಾಚಿಕೆ.”

“ಹೆತ್ತ ಅಪ್ಪನ ಹತ್ರ ಎಂಥ ನಾಚಿಕೆಯೇ ಮಾರಾಯ್ತಿ?” ಎಂದು ಅಮ್ಮ ಅತ್ತ ತಿರುಗಿದರು. “ಕೇಳಿದ್ರಾ? ನಿಮ್ಮ ಗಾಡೀದು ಗಾಳಿ ಸೋರ್ತದಂತೆ.”

“ಚಕ್ರದ್ದಾ?”

“ಅಲ್ವಂತೆ. ಹೊಟ್ಟೇದಂತೆ.”

ಸೈಕಲ್ ಟ್ಯೂಬು ತೂತಾದರೆ ನೀರಲ್ಲಿ ಮುಳುಗಿಸಿ ಗುಳ್ಳೆ ನೋಡುತ್ತಾರೆ. ಡಂಪರನ್ನು ಮುಳುಗಿಸಲು ವಾರಾಹಿ ಹೊಳೆಯೇ ಬೇಕು! ಅದಕ್ಕೆ ನೊರೆ ಹಚ್ಚಿ ನೋಡುವುದೆಂದು ತೀರ್ಮಾನಿಸಿದೆ. ಸೋಪಿನ ನೊರೆ ಬೇಗ ಒಣಗುತ್ತದೆ. ಅಂಟುವಾಳ ಕಾಯಿಯ ನೊರೆ ನಿಲ್ಲುತ್ತದೆ. ಡಬ್ಬಿಯಲ್ಲಿ ಇದ್ದಷ್ಟನ್ನೂ ರಾತ್ರಿಯೇ ನೆನೆಹಾಕಿ, ಬೆಳಿಗ್ಗೆ ಕಿವುಚಿ, ಬಟ್ಟೆಯಲ್ಲಿ ಸೋಸಿ, ಸಿಪ್ಪೆಯ ಚೂರೂ ಇಲ್ಲದಂತೆ ಬಕೆಟ್ ತುಂಬಿದೆ. ನಾನು ಯಾವ ಕೆಲಸವನ್ನೂ ಅರೆಬರೆ ಮಾಡುವವಳಲ್ಲ.

ಭಾನುವಾರ ತೊಳೆಯುವ ನೆಪದಲ್ಲಿ ಅಪ್ಪ ಗಾಡಿಯನ್ನು ಮನೆಯ ಹಿಂದಿನ ಹಳ್ಳದ ಹತ್ತಿರ ತಂದರು. ಚಕ್ರಕ್ಕೆ ಬಂಡೆ ಕೊಟ್ಟಾಯಿತು. ಗೇರಿಗೆ ಹಾಕಿ, ಬ್ರೇಕು ಒತ್ತಿ ಹಿಡಿದು, ಆಕ್ಸಲರೇಟರ್ ತುಳಿಯಬೇಕು. ಇಂಜಿನ್ನು ತಿಣುಕಿದಾಗಲೇ ಟರ್ಬೋ ಗಾಳಿ ತುಂಬುವುದು. ಅಪ್ಪ ತುಳಿದರು. ನೆಲ ನಡುಗಿತು. ನಾನು ಪಕ್ಕದ ಮೆಟ್ಟಿಲ ಮೇಲೆ ನಿಂತು ತೆಂಗಿನ ನಾರಿನಲ್ಲಿ ರಬ್ಬರ್ ಪೈಪಿನ ಸಂದಿಗೆಲ್ಲ ನೊರೆ ಬಳಿದೆ. ಆಹಾ! ಪೈಪನ್ನು ಬಿಗಿದ ಒಂದು ಪಟ್ಟಿಯ ಕೆಳಗಿನಿಂದ ಗುಳ್ಳೆ ಎದ್ದಿತು. ನಿಂಬೆಯಷ್ಟಾಯಿತು, ಚಕ್ಕೋತದಷ್ಟಾಯಿತು, ಢಬ್ಬೆಂದು ಒಡೆದು ಬಳಿದ ನೊರೆಯನ್ನೆಲ್ಲ ಎತ್ತಿ ಎರಚಿತು. ಎರಚಿದ್ದು ಸೀದಾ ಬೇಲಿಯಾಚೆ ಹಲ್ಲುಜ್ಜುತ್ತಿದ್ದ ಜಟ್ಟಿಂಗಪ್ಪಣ್ಣನ ಮುಖಕ್ಕೆ!

“ಹಬ್ಬಕ್ಕೆ ಮುಂಚೆಯೇ ಅಭ್ಯಂಜನವಾ ಪುಷ್ಪೀ?” ಎಂದರು ಅವರು ಕಣ್ಣೊರೆಸಿಕೊಳ್ಳುತ್ತ. “ಗುಜರಿಗೆ ಹೋಗೋ ಗಾಡಿಗೆ ಎಂಥ ಮಡಿಯೋ ಭೂತಪ್ಪಾ! ಸೀರೆಯೊಂದು ಉಡಿಸಿ ಕಳಿಸು.”

ಅಷ್ಟರಲ್ಲಿ ಅಮ್ಮ ಖಾಲಿ ಡಬ್ಬಿ ಹಿಡಿದು ಬಂದರು. “ಹಬ್ಬಕ್ಕೆ ನಮ್ಮ ತಲೆಗೆ ಅಂತ ಇಟ್ಟದ್ದು ಗಾಡಿ ತಲೆಗೆ ಹಾಕಿದ್ಯಾ? ಇನ್ನು ನಾನು ಎಂಥ ಹಚ್ಕಳ್ಳಲಿ, ಗ್ರೀಸಾ?”

ಬೈಗುಳ ನನ್ನನ್ನು ಮುಟ್ಟಲೇ ಇಲ್ಲ. ರೋಗ ಸಿಕ್ಕಿತ್ತು! ಹೇರಂಬ ಮೇಸ್ತ್ರಿ ಸಾಗರದಿಂದ ಹೊಸ ಪಟ್ಟಿ ತರಿಸಿ ಬಿಗಿದರು. ಸಿಳ್ಳೆ ಮೊದಲಿಗಿಂತ ಬೇಗ ಬಂತು. ಆದರೂ ನಾಲ್ಕನೇ ನಂಬರಿನಷ್ಟು ಬೇಗ ಅಲ್ಲ.

ಉಳಿದ ದಾರಿ ಒಂದೇ: ಟಾರ್ಕ್ ಕನ್ವರ್ಟರು. ಇಂಜಿನ್ನಿಗೂ ಗೇರಿಗೂ ನಡುವೆ ಎಣ್ಣೆ ತುಂಬಿದ ಒಂದು ಡ್ರಮ್ಮು ಅದು. ಒಳಗೆ ಎದುರುಬದುರು ರೆಕ್ಕೆಯ ಚಕ್ರಗಳು. ಒಂದು ಎಣ್ಣೆ ಎರಚುತ್ತದೆ, ಆ ಎಣ್ಣೆಯ ಏಟಿಗೆ ಇನ್ನೊಂದು ತಿರುಗುತ್ತದೆ. ನಮ್ಮ ಗಾಡಿಯಲ್ಲಿದ್ದದ್ದು ಬಿಗಿ ಜಾತಿಯದು. ಷೆಡ್ಡಿನ ಮೂಲೆಯಲ್ಲಿ, ಹಿಂದೆ ಕೆಟ್ಟುಹೋದ ಗಾಡಿಯಿಂದ ಬಿಚ್ಚಿಟ್ಟ ಸಡಿಲ ಜಾತಿಯದೊಂದು ಬಿದ್ದಿತ್ತು. ಯಾವುದು ಇರಲಿ ಎಂದು ಮೇಸ್ತ್ರಿ ನಮ್ಮ ಮನೆಗೇ ಬಂದು ಕೇಳಿದರು. ನಾನು ಬಾಗಿಲ ಹಿಂದೆ ಸೇರಿಕೊಂಡೆ.

“ಸಡಿಲದಲ್ಲಿ ಎಂಥ ಬಲ ಬರ್ತದೆ ಮಾರಾಯ?” ಎಂದರು ಅಪ್ಪ. “ಹಗ್ಗ ಬಿಗಿ ಇದ್ರೇ ಎಳೆಯೋಕೆ ಆಗೋದು.”

ನಾನು ಅಮ್ಮನ ಸೆರಗು ಜಗ್ಗಿ ಕಿವಿಯಲ್ಲಿ ಉಸುರಿದೆ. ಅಮ್ಮ ಸಾರಿದರು: “ಬಿಗಿ ಇದ್ರೆ ಇಂಜಿನ್ನು ಏಳೋಕೆ ಮುಂಚೆಯೇ ಚಕ್ರ ಅದನ್ನ ಜಗ್ಗಿ ಕೂರಿಸ್ತದಂತೆ. ಸಡಿಲ ಇದ್ರೆ ಇಂಜಿನ್ನು ಮೊದ್ಲು ಜೋರಾಗಿ ಎದ್ದು ಹೊಗೆ ಬಿಡ್ತದಂತೆ, ಸಿಳ್ಳೆ ಬೇಗ ಬರ್ತದಂತೆ, ಆಮೇಲೆ ಎಳೀತದಂತೆ.” ನಾನು ಹೇಳಿದ್ದು ಅಲ್ಲಿಗೆ ಮುಗಿಯಿತು. ಅಮ್ಮ ಮುಗಿಸಲಿಲ್ಲ. “ನೀವೂ ಹಾಗೇ ಅಲ್ದಾ? ಎದ್ದ ಕೂಡ್ಲೇ ಕೆಲ್ಸ ಹೇಳಿದ್ರೆ ಗುರ್ ಅಂತ ಅಲ್ಲೇ ಕೂರ್ತೀರಿ. ಒಂದು ಲೋಟ ಕಾಫಿ ಕುಡಿದು, ಬೀಡಿ ಹಚ್ಚಿ, ಹೊಗೆ ಬಿಟ್ಟ ಮೇಲೆ ಹೇಳಿದ್ರೆ ಓಡ್ತೀರಿ.”

ಮೇಸ್ತ್ರಿ ಹೊಟ್ಟೆ ಹಿಡಿದುಕೊಂಡು ನಕ್ಕರು. “ಬಂಗಾರಕ್ಕ ಹೇಳಿದ್ದೇ ಸರಿ ಭೂತಪ್ಪಣ್ಣ! ಮಣ್ಣು ಹೊರೋಕೆ ಬಿಗಿ, ಓಟಕ್ಕೆ ಸಡಿಲ. ಸಡಿಲದಲ್ಲಿ ದಿನಾ ಹೊರೆ ಎಳೆದ್ರೆ ಎಣ್ಣೆ ಕಾದು ಕೆಡ್ತದೆ. ಒಂದು ಓಟಕ್ಕೆ ತೊಂದ್ರೆ ಇಲ್ಲ. ಹಾಕೇಬಿಡುವ.”

ಬುದ್ಧಿ ನನ್ನದು, ಹೊಗಳಿಕೆ ಬಂಗಾರಕ್ಕನಿಗೆ! ಬಾಗಿಲ ಹಿಂದೆ ನಿಂತವಳಿಗೆ ಸಿಗುವುದು ಬಾಗಿಲ ಹಿಂಭಾಗ ಮಾತ್ರ.

ಸಂಕೋಲೆ ರಾಟೆ ಕಟ್ಟಿ ಕನ್ವರ್ಟರನ್ನು ಬದಲಾಯಿಸಿದರು. ಅಪ್ಪ ಸುಮ್ಮನೆ ಒಮ್ಮೆ ತುಳಿದು ನೋಡಿದರು. ಕಾಲಿಟ್ಟ ಕೂಡಲೇ ಸಿಳ್ಳೆ! ಅಂದು ಅಪ್ಪ ಎರಡು ಸಲ ಅನ್ನ ಹಾಕಿಸಿಕೊಂಡು ಉಂಡರು. ನನಗೆ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ಆಯುಧ ಪೂಜೆಯ ಬೆಳಿಗ್ಗೆ ಗಾಡಿಗೆ ಹೂವು ಕಟ್ಟುವ ಕೆಲಸ ನನಗೆ ಬಂತು. ಚಕ್ರದ ಕೆಳಗೆ ನಿಂಬೆಹಣ್ಣು, ಮುಂದೆ ಬಾಳೆಕಂದು, ಕನ್ನಡಿಗೆ ಕುಂಕುಮ, ಎಲ್ಲ ಶಾಸ್ತ್ರಪ್ರಕಾರ ಆಯಿತು. ಉಳಿದದ್ದು ನಾನೇ ಕಟ್ಟಿದ ಮಾರುದ್ದದ ಚೆಂಡುಹೂವಿನ ಹಾರ. ಎಲ್ಲರೂ ಅದನ್ನು ಬಾನೆಟ್ಟಿಗೆ ಹಾಕುತ್ತಾರೆ. ನಾನು ಯೋಚಿಸಿದೆ. ಪೂಜೆ ಸಲ್ಲಬೇಕಾದದ್ದು ಯಾರಿಗೆ? ದುಡಿಯುವವರಿಗೆ. ಇಲ್ಲಿ ದುಡಿಯುವವರು ಯಾರು? ಟರ್ಬೋ. ಟರ್ಬೋ ಉಸಿರೆಳೆಯುವುದು ಯಾವುದರಿಂದ? ಕ್ಯಾಬಿನ್ನಿನ ಪಕ್ಕದಲ್ಲಿ ಮೇಲಕ್ಕೆದ್ದು ನಿಂತ ದಪ್ಪ ಕೊಳವೆಯಿಂದ. ಅದರ ಟೋಪಿ ಎಂದೋ ಕಳೆದುಹೋಗಿ ಬಾಯಿ ತೆರೆದುಕೊಂಡಿತ್ತು. ಆ ಬಾಯಿಯ ಸುತ್ತ, ಗಾಳಿಗೆ ಹಾರದಂತೆ, ಜಾರದಂತೆ, ಒಂದು ಹೂವೂ ನಲುಗದಂತೆ ಹಾರ ತೊಡಿಸಿ ಕೈಮುಗಿದೆ. ದೇವರ ಮೂಗಿನ ಕೆಳಗೇ ಹೂವಿಟ್ಟ ಧನ್ಯತೆ!

ಧಣಿ ಹಸಿರು ಬಟ್ಟೆ ಬೀಸಿದರು. ಏಳನೇ ನಂಬರು ಸಿಳ್ಳೆ ಹಾಕುತ್ತಲೇ ನೆಗೆಯಿತು! ನಾಲ್ಕನೇ ನಂಬರು ಒಂದು ಗಾಡಿಯುದ್ದ ಹಿಂದೆ ಬಿತ್ತು. ನಾಚಿಕೆಯ ಹುಡುಗಿ ನಾನು ಮಣ್ಣಿನ ದಿಬ್ಬದ ಮೇಲೆ ನಿಂತು “ಅಪ್ಪಾ, ತುಳೀರಿ!” ಎಂದು ಕಿರುಚಿದೆ. ಕಿರುಚುತ್ತಲೇ ಕಣ್ಣಿಗೊಂದು ವಿಚಿತ್ರ ಬಿತ್ತು. ಹಾರ ಸಣ್ಣದಾಗುತ್ತಿದೆ! ಮಾರುದ್ದದ್ದು ಮೊಳವಾಯಿತು, ಮೊಳದ್ದು ಗೇಣಾಯಿತು. ಟರ್ಬೋ ಎಂಬ ದೇವರು ನೈವೇದ್ಯದ ಜೊತೆಗೆ ಅಲಂಕಾರವನ್ನೂ ಸ್ವೀಕರಿಸುತ್ತಿತ್ತು! ಬಾಲದ ತುದಿಯೂ ಸುರ್ರೆಂದು ಒಳಗೆ ಹೋಯಿತು. ಸಿಳ್ಳೆ ನಿಂತಿತು. ಕಪ್ಪು ಹೊಗೆ ಎದ್ದಿತು. ಏಳನೇ ನಂಬರು ಬಿಕ್ಕಿತು, ತೇಗಿತು, ಮುಗ್ಗರಿಸಿತು. ಜಟ್ಟಿಂಗಪ್ಪಣ್ಣ ಹಾರ್ನ್ ಬಾರಿಸುತ್ತ ಚೆಕ್‌ಪೋಸ್ಟ್ ದಾಟಿದರು.

ಹೇರಂಬ ಮೇಸ್ತ್ರಿ ಗಾಳಿ ಸೋಸುವ ಡಬ್ಬಿ ಬಿಚ್ಚಿ ಕೈ ಹಾಕಿದರು. ಹೂವು ಬಂತು. ಮತ್ತೆ ಬಂತು. ಜಾದೂಗಾರನ ಟೋಪಿಯಿಂದ ಬಂದ ಹಾಗೆ ಬರುತ್ತಲೇ ಇತ್ತು. ನೆರೆದ ಜನ ನಕ್ಕು ನಕ್ಕು ಕಣ್ಣೊರೆಸಿಕೊಂಡರು. ನಗದವರು ಇಬ್ಬರೇ, ಅಪ್ಪ ಮತ್ತು ನಾನು.

“ಏಳನೇ ನಂಬರು ಗುಜರಿಗೆ,” ಎಂದರು ಧಣಿ.

“ತಡೀರಿ ಸ್ವಾಮಿ!” ಎಂದವರು ಜಟ್ಟಿಂಗಪ್ಪಣ್ಣ. ಗೆದ್ದವರ ಮುಖ ಹುಳ್ಳಗಾಗಿತ್ತು. “ಹಾರ ನುಂಗಿ ಗಂಟ್ಲು ಕಟ್ಟಿದ ಗಾಡಿ ಮೇಲೆ ಗೆದ್ದೆ ಅಂತ ನಾನು ಯಾರ ಹತ್ರ ಹೇಳ್ಕಳ್ಳಲಿ? ತೀರ್ಥಹಳ್ಳಿ ತನಕ ನಗ್ತಾರೆ. ಇನ್ನೊಂದು ಸಲ ಓಡ್ಸಿ. ನೆಟ್ಟಗೆ ಗೆಲ್ತೀನಿ.”

ಓಡಿಸಿದರು. ಈ ಸಲ, ಕೈಗೆ ಸಿಕ್ಕ ಹೂವೆಲ್ಲ ತೆಗೆದಿದ್ದರಿಂದ, ಏಳನೇ ನಂಬರು ನೆಟ್ಟಗೆ ಉಸಿರಾಡಿತು, ನೆಟ್ಟಗೆ ಗೆದ್ದಿತು. ಜಟ್ಟಿಂಗಪ್ಪಣ್ಣ ಸ್ಟೀರಿಂಗಿನ ಮೇಲೆ ಹಣೆಯಿಟ್ಟುಕೊಂಡು ಕೂತುಬಿಟ್ಟರು.

ಧಣಿ ಇಬ್ಬರನ್ನೂ ನೋಡಿದರು. “ಒಂದು ಅವನು ಗೆದ್ದ, ಒಂದು ಇವನು ಗೆದ್ದ. ಎರಡೂ ಗಾಡೀಲಿ ಇಷ್ಟು ಜೀವ ಇರುವಾಗ ಗುಜರಿ ಯಾಕೆ? ನಾಳೆಯಿಂದ ಇಬ್ರೂ ಮಣ್ಣು ಹೊರಿ.”

ಅಪ್ಪ, ಜಟ್ಟಿಂಗಪ್ಪಣ್ಣ ಒಬ್ಬರನ್ನೊಬ್ಬರು ತಬ್ಬಿಕೊಂಡರು. ನನ್ನ ಎದೆ ಉಬ್ಬಿತು. ಲೆಕ್ಕ ಹಾಕಿ ನೋಡಿ: ಹಾರ ಇಲ್ಲದಿದ್ದರೆ ಒಬ್ಬರು ಗೇಟಿಗೆ ಹೋಗಲೇಬೇಕಿತ್ತು. ಎರಡು ಮನೆ ಉಳಿಸಿದ್ದು ನನ್ನ ಹಾರ! ಅಪ್ಪನಿಗೂ ಅದೇ ಹೊಳೆದಿರಬೇಕು. ನನ್ನ ಕೈ ಹಿಡಿದು ಧಣಿಯ ಮುಂದೆ ನಿಲ್ಲಿಸಿದರು.

“ಸ್ವಾಮಿ, ಗಾಳಿ ಸೋರೋದು ಹಿಡಿದೋಳು ಇವ್ಳೇ, ಕನ್ವರ್ಟರು ಆರಿಸಿದೋಳೂ ಇವ್ಳೇ. ನನ್ನ ಮಗಳು.”

“ಹಾರ?”

“ಅದೂ ಇವ್ಳೇ.”

ಧಣಿ ನನ್ನನ್ನು ತಲೆಯಿಂದ ಕಾಲಿನ ತನಕ ನೋಡಿದರು. “ಎಷ್ಟು ಓದಿದ್ದಾಳೆ?”

“ಒಂಬತ್ತಕ್ಕೇ ಬಿಟ್ಲು ಸ್ವಾಮಿ.”

“ದೇವರು ದೊಡ್ಡವನು!” ಎಂದು ಧಣಿ ಎರಡೂ ಕೈ ಎತ್ತಿ ಮುಗಿದರು. “ಓದಿ ಇಂಜಿನಿಯರ್ ಆಗಿದ್ದಿದ್ರೆ ಡ್ಯಾಮಿಗೇ ಹಾರ ಹಾಕಿರ್ತಿದ್ಲು!”

ನಾನು ತಲೆ ತಗ್ಗಿಸಿ ಮನೆಗೆ ಬಂದೆ. ಮೇಸ್ತ್ರಿ ನಾಳೆಯ ಹೊರೆಗೆಂದು ಬಿಗಿ ಕನ್ವರ್ಟರನ್ನೇ ಮತ್ತೆ ಕೂರಿಸುತ್ತಿದ್ದಾರೆ. ಅವರು ಬಿಚ್ಚಿ ನನ್ನ ಕೈಗೆ ಕೊಟ್ಟ ಸೋಸುವ ಡಬ್ಬಿಯ ಮಡಿಕೆಗಳಲ್ಲಿ ಇನ್ನೂ ಎಸಳು ಸಿಕ್ಕಿಕೊಂಡಿವೆ. ಇದನ್ನು ಬರೆದು ಮುಗಿಸಿ, ಅವನ್ನು ಒಂದೊಂದಾಗಿ ಹೆಕ್ಕಿ ತೆಗೆದು, ಡಬ್ಬಿಯನ್ನು ಬೆಳಗಾಗುವುದರೊಳಗೆ ಮೇಸ್ತ್ರಿಗೆ ಕೊಟ್ಟು ಬರುತ್ತೇನೆ.