ಮುದಿ ಪ್ರೊಸೆಸರನ್ನು ಓಡಿಸಹೋದದ್ದು

ಮುಂಬಯಿಯಲ್ಲಿ ಸಿಟ್ಟು ಮಾಡಿಕೊಳ್ಳುವುದಕ್ಕೆ ಜಾಗವೇ ಇಲ್ಲ. ಲೋಕಲ್ ಟ್ರೇನಿನಲ್ಲಿ ಸಿಟ್ಟು ಬಂದರೆ ಕೈ ಎತ್ತಲು ಆಗುವುದಿಲ್ಲ, ಎತ್ತಿದರೆ ಇಳಿಸಲು ಆಗುವುದಿಲ್ಲ. ಆಫೀಸಿನಲ್ಲಿ ಆ ಹಕ್ಕು ಪೂರ್ತಿಯಾಗಿ ನನ್ನ ಮೇಲಿನವರದು. ಇನ್ನು ಒಂದೇ ಬೆಡ್‌ರೂಮಿನ ಫ್ಲ್ಯಾಟಿನಲ್ಲಿ ರೇಗಿ, ದಡದಡ ಎದ್ದು ಹೋದರೆ ಹೋಗಿ ನಿಲ್ಲುವುದು ಅಡುಗೆಮನೆಯಲ್ಲಿ. ಅಲ್ಲಿ ಹೆಂಡತಿ ಕೈಗೆ ಕೊತ್ತಂಬರಿ ಕಟ್ಟು ಕೊಟ್ಟು ಸೋಸಲು ಕೂರಿಸುತ್ತಾಳೆ. ಕೊತ್ತಂಬರಿ ಸೋಸುತ್ತ ಸಿಟ್ಟು ಉಳಿಸಿಕೊಳ್ಳುವುದು ದೂರ್ವಾಸರಿಗೂ ಆಗದ ಮಾತು. ಹೀಗಾಗಿ ಕಾಂದಿವಲಿಯ ಮನೆಯಿಂದ ವಿಕ್ರೋಳಿಯ ಆಫೀಸಿಗೆ, ವಿಕ್ರೋಳಿಯಿಂದ ಕಾಂದಿವಲಿಗೆ, ನಡುವೆ ದಾದರಿನ ಸೇತುವೆ ಮೇಲೆ ಹತ್ತಿ ಇಳಿದು ಕೂಡಿಟ್ಟ ಸಿಟ್ಟನ್ನೆಲ್ಲ ನಾನು ಮನೆಯಲ್ಲಿ ಎದುರು ಮಾತಾಡದ ಒಂದೇ ಜೀವದ ಮೇಲೆ ಸುರಿಯುತ್ತಿದ್ದೆ. ಅದು ನಮ್ಮ ಕಂಪ್ಯೂಟರು.

ಅದು ಹಳೆಯದು. ಎಷ್ಟು ಹಳೆಯದೆಂದರೆ, ಮಗಳು ಕೇತಕಿ ಅದರ ಮೇಲೆ ಅಕ್ಷರ ಕಲಿತು ಈಗ ಕಾಲೇಜಿಗೆ ಹೋಗುತ್ತಿದ್ದಾಳೆ. ಗುಂಡಿ ಒತ್ತಿ ಸ್ನಾನಕ್ಕೆ ಹೋದರೆ, ಸ್ನಾನ, ಸಂಧ್ಯಾವಂದನೆ, ಚಹಾ ಮುಗಿಸಿ ಬರುವಷ್ಟರಲ್ಲಿ ಎಚ್ಚರಾಗುತ್ತಿತ್ತು. "ಪಪ್ಪಾ, ನಯಾ ಲೇ ಲೋ ನಾ. ಇದು... ಇದು ಮುಗೀತು" ಎಂದು ಕೇತಕಿ ತನಗೆ ಬರುವಷ್ಟು ಕನ್ನಡದಲ್ಲಿ ಅದರ ತಿಥಿ ಮಾಡಿ ಮುಗಿಸಿದ್ದಳು. ನನಗೆ ಈ ಮಾತು ಕೇಳಿದರೆ ಮೈಯೆಲ್ಲ ಉರಿಯುತ್ತದೆ. ಈ ಊರಿನಲ್ಲಿ ಎಲ್ಲರ ಬಾಯಲ್ಲೂ ಅದೇ. ಮಿಕ್ಸರ್ ಸದ್ದು ಮಾಡಿತೇ, ಹೊಸದು ತಗೊಳ್ಳಿ. ಬಿಲ್ಡಿಂಗ್ ಸೋರಿತೇ, ಕೆಡವಿ ಹೊಸದು ಕಟ್ಟಿಸಿ. ನಿವೃತ್ತಿ ಹತ್ತಿರ ಬಂದ ನನ್ನಂಥವನಿಗೆ ಹಳೆಯದನ್ನೆಲ್ಲ ಬಿಸಾಕುವ ಈ ಹುಕಿ ಕಂಡರೆ ಸುಮ್ಮನಿರಲು ಆಗುವುದಿಲ್ಲ. ಇದ್ದುದರಲ್ಲೇ ನಡೆಸುತ್ತೇನೆ ಎಂದು ಹಟ ಹಿಡಿದೆ.

ಹಟ ಹಿಡಿದದ್ದು ನಾನು, ಕುತ್ತಿಗೆಗೆ ಬಂದದ್ದು ವತ್ಸಲಾಳಿಗೆ. ವತ್ಸಲಾ ನನ್ನ ಹೆಂಡತಿ, ಧಾರವಾಡದವಳು, ಒಳ್ಳೆಯ ಕಂಠ. ನಮ್ಮ ಕನ್ನಡ ಸಂಘದ ವಾರ್ಷಿಕೋತ್ಸವದಲ್ಲಿ ಇಷ್ಟು ವರ್ಷವೂ ಸಮೂಹಗಾನದ ಎರಡನೆಯ ಸಾಲಿನ ತುದಿಯಲ್ಲಿ, ಅರ್ಧ ಮೈ ಪರದೆಯ ಹಿಂದೆ ಇಟ್ಟುಕೊಂಡು ಹಾಡಿದವಳು. ಒಬ್ಬರೇ ಹಾಡುವ ಅವಕಾಶ ಒಬ್ಬರಿಗೆ ಮಾತ್ರ. ಅದು ಪ್ರತಿಸಲ ಪದಾಧಿಕಾರಿಗಳ ನಾದಿನಿಯರಿಗೋ ಸೊಸೆಯರಿಗೋ ಹೋಗುತ್ತಿತ್ತು. ಈ ಸಲ ಗಲಾಟೆಯಾಗಿ, ಯಾರು ಬೇಕಾದರೂ ಹಾಡಿ ಕಳಿಸಿ, ಭಾನುವಾರ ಸಂಜೆಯೊಳಗೆ ಬಂದದ್ದನ್ನು ಕೇಳಿ ಆರಿಸುತ್ತೇವೆ ಎಂದರು. ವತ್ಸಲಾ ತನ್ನ ಅಜ್ಜಿಯ ಬೀಸುವ ಪದ ಆರಿಸಿಕೊಂಡಳು. ಹಾರ್ಮೋನಿಯಂ ಬೇರೆ, ದನಿ ಬೇರೆ ರೆಕಾರ್ಡ್ ಮಾಡಿ, ಕಂಪ್ಯೂಟರಿನಲ್ಲಿ ಎರಡನ್ನೂ ಜೋಡಿಸಬೇಕೆಂದು ಅವಳ ಆಸೆ. ಕಂಪ್ಯೂಟರು ಎರಡನ್ನೂ ಜೋಡಿಸಲು ಹೊರಟು, ಉಸಿರು ಕಟ್ಟಿ, ಪ್ರತಿಸಲ ನಡುವಿನಲ್ಲೇ ಮಲಗುತ್ತಿತ್ತು. ಅವಳು ನನ್ನನ್ನು ಬಯ್ಯಲಿಲ್ಲ. "ಇರ್ಲಿ ಬಿಡ್ರಿ, ಮುಂದಿನ ವರ್ಷ ನೋಡೋಣ" ಅಂದಳು. ಇದಕ್ಕಿಂತ ನಾಲ್ಕು ಬೈದಿದ್ದರೆ ಚೆನ್ನಾಗಿತ್ತು.

ಆಫೀಸಿನ ಗೆಳೆಯ ಜಯಕರ ಉಡುಪಿ ಕಡೆಯವರು. ಕಂಪ್ಯೂಟರ್ ಬಿಚ್ಚಿ ಜೋಡಿಸುವುದೇ ಅವರ ಭಾನುವಾರದ ಪೂಜೆ. "ಎಂತ ಮಾರಾಯ್ರೇ, ಅದಕ್ಕೆ ಸ್ವಲ್ಪ ಓವರ್‌ಕ್ಲಾಕ್ ಮಾಡಿ, ಆಯ್ತಲ್ಲ" ಅಂದರು. ಹಾಗೆಂದರೆ, ತಯಾರಿಸಿದವರು ಇಷ್ಟೇ ವೇಗ ಎಂದು ಕಟ್ಟಿಹಾಕಿದ ಪ್ರೊಸೆಸರನ್ನು ಹಗ್ಗ ಬಿಚ್ಚಿ ಇನ್ನಷ್ಟು ಓಡಿಸುವುದು. ಶುರುವಿನಲ್ಲೇ ಡಿಲೀಟ್ ಗುಂಡಿ ಒತ್ತಿದರೆ ಒಂದು ನೀಲಿ ಪರದೆ ಬರುತ್ತದಂತೆ, ವೇಗದ ಅಂಕಿ ಅಲ್ಲಿ ಇರುತ್ತದಂತೆ, ಏರಿಸಿದರೆ ಮುಗಿಯಿತಂತೆ. ನನಗೆ ಈ ಮಾತು ಅಮೃತದಂತೆ ಕೇಳಿಸಿತು. ಮುದಿಯದನ್ನು ಬಿಸಾಕದೆ ಓಡಿಸುವುದು! ಕೇತಕಿಯ ಬಾಯಿ ಮುಚ್ಚಿಸಲು ಇದಕ್ಕಿಂತ ಬೇರೆ ಏನು ಬೇಕು?

ಭಾನುವಾರ ಬೆಳಿಗ್ಗೆ ತಿಂಡಿ ತಿಂದು ಕೂತೆ. ನೀಲಿ ಪರದೆ ಬಂತು. ಜಯಕರರ ಮನೆಯ ಮದರ್‌ಬೋರ್ಡ್ ಧಾರಾಳದ್ದು, ಕೇಳಿದ್ದೆಲ್ಲ ಬದಲಿಸಲು ಬಿಡುತ್ತದೆ. ನಮ್ಮದು ನಮ್ಮ ಹೌಸಿಂಗ್ ಸೊಸೈಟಿಯ ಸೆಕ್ರೆಟರಿಯ ಜಾತಿ. ಏನು ಕೇಳಿದರೂ ನಿಯಮದಲ್ಲಿ ಇಲ್ಲ. ತಾರೀಖು ಬದಲಿಸಬಹುದು, ಗಂಟೆ ಬದಲಿಸಬಹುದು. ಪ್ರೊಸೆಸರಿನ ವೇಗ ಮಾತ್ರ ಬೂದಿ ಬಣ್ಣದಲ್ಲಿ ಬರೆದಿದೆ, ನೋಡಿ ಆನಂದಿಸಿ ಎಂಬಂತೆ. ಬಾಣದ ಗುಂಡಿ ಒತ್ತಿದರೆ ಕರ್ಸರು, ವಿರಾರ್ ಫಾಸ್ಟ್ ಲೋಕಲ್ ಕಾಂದಿವಲಿಯಲ್ಲಿ ನಿಲ್ಲದೆ ದಾಟಿ ಹೋಗುವ ಹಾಗೆ, ಆ ಸಾಲನ್ನು ದಾಟಿ ಹೋಗುತ್ತಿತ್ತು. ಮೇಲಿನಿಂದ ಬಂದೆ, ದಾಟಿತು. ಕೆಳಗಿನಿಂದ ಬಂದೆ, ದಾಟಿತು. ನನ್ನ ಯಂತ್ರ, ನನ್ನ ಮನೆ, ನನ್ನ ಕರೆಂಟು, ಬೇಡ ಅನ್ನಲು ಇದು ಯಾವ ಊರ ಗೌಡ? ಹುಟ್ಟಿದೂರಿನ ಬೈಗುಳಗಳು ಮುಂಬಯಿಗೆ ಬಂದಾಗಿನಿಂದ ಒಳಗೇ ಕೊಳೆಯುತ್ತಿದ್ದವು. ಒಂದೊಂದಾಗಿ ಎದ್ದು ಬಂದವು. "ನಿನ್ನ ಹೆಣಾ ಎತ್ಲಿ" ಎಂದು ಶುರುಮಾಡಿದವನು ಅದರ ವಂಶದ ಹಿಂದಿನವರನ್ನೂ ಮುಂದಿನವರನ್ನೂ ಬಿಡಲಿಲ್ಲ. ವತ್ಸಲಾ ಎದ್ದು ಕಿಟಕಿ ಹಾಕಿದಳು. ಸೆಕೆ ಎಂದು ನಾನು ತೆರೆದೆ. ಸ್ವಲ್ಪ ಹೊತ್ತಿಗೆ ಅವಳೂ ಕೇತಕಿಯೂ ಎಲ್ಲೋ ಎದ್ದು ಹೋದರು. ನನಗೆ ಅದರ ಕಡೆ ಲಕ್ಷ್ಯವಿರಲಿಲ್ಲ.

ಕೊನೆಗೆ ಯಾವುದೋ ಮೂಲೆಯ ಪುಟದಲ್ಲಿ ಬೂದಿ ಬಣ್ಣದಲ್ಲಿರದ ಒಂದೇ ಒಂದು ವೇಗದ ಅಂಕಿ ಸಿಕ್ಕಿತು. ಎಲ್ಲ ವೇಗಕ್ಕೂ ಅದೇ ತಳಪಾಯ, ಎಚ್ಚರದಿಂದ ಒಂದೊಂದೇ ಹೆಜ್ಜೆ ಏರಿಸಿ ಎಂದು ಜಯಕರ ಹೇಳಿದ್ದರು. ಒಂದೊಂದೇ ಹೆಜ್ಜೆ ಇಡುವ ತಾಳ್ಮೆ ಯಾರಿಗಿತ್ತು? ಕೈಯಲ್ಲಿದ್ದ ಸಿಟ್ಟನ್ನಷ್ಟೂ ಹಾಕಿ ಆ ಅಂಕಿಯನ್ನು ಒಮ್ಮೆಲೇ ಏರಿಸಿದೆ. ಪರದೆ ಕಪ್ಪಾಯಿತು. ಆಮೇಲೆ ಕಪ್ಪಾಗಿಯೇ ಉಳಿಯಿತು. ವತ್ಸಲಾಳ ಹಾಡಿಗೆ ಇದ್ದ ಒಂದು ದಾರಿಗೂ ನಾನೇ ಮುಳ್ಳು ಬಡಿದೆನಲ್ಲ ಎಂದು ಜಯಕರರಿಗೆ ಫೋನು ಮಾಡಿದೆ. ಏನೂ ಆಗಿಲ್ಲ, ಡಬ್ಬಿ ಬಿಚ್ಚಿ ಒಳಗಿನ ನಾಣ್ಯದಂಥ ಬ್ಯಾಟರಿ ತೆಗೆದು ಹಾಕಿ, ಮೊದಲಿನಂತೆ ಆಗುತ್ತದೆ ಅಂದರು.

ಬಿಚ್ಚಿದೆ. ಒಳಗೆ ದೇವರ ಮನೆ ಇತ್ತು.

ನಮ್ಮಲ್ಲಿ ಮಹಾನವಮಿಯ ದಿನ ಖಂಡೇಪೂಜೆ, ಅಂದರೆ ಆಯುಧಪೂಜೆ. ಅಜ್ಜ ಕುಡಗೋಲು, ಕೊಡಲಿ ಪೂಜಿಸುತ್ತಿದ್ದರು. ನನ್ನ ಹತ್ತಿರ ಪೂಜಿಸಲು ಆಯುಧವೆಂದು ಇದ್ದದ್ದು ಇದೊಂದೇ. ವರ್ಷವರ್ಷವೂ ಶಾಸ್ತ್ರಕ್ಕೆ ಒಂದಿಷ್ಟೂ ಕಡಿಮೆಯಿಲ್ಲದೆ ಕುಂಕುಮ, ಅರಿಷಿಣ, ಅಕ್ಷತೆ, ಚೆಂಡುಹೂವು ಏರಿಸಿ ಊದುಬತ್ತಿ ಬೆಳಗಿದ್ದೆ. ಏರಿಸಿದ್ದೆಲ್ಲ ನೆತ್ತಿಯ ಮೇಲೆ, ಅಂದರೆ ಗಾಳಿಯಾಡಲು ತೂತು ಬಿಟ್ಟ ಜಾಗದಲ್ಲೇ. ಅವೆಲ್ಲ ತೂತಿನಿಂದ ಇಳಿದು ಪ್ರೊಸೆಸರಿನ ಫ್ಯಾನಿನಲ್ಲಿ, ಅದರ ಕೆಳಗಿನ ತಗಡಿನ ಸಂದುಗಳಲ್ಲಿ ಧೂಳಿನ ಜೊತೆ ಕಲೆತು ಗಟ್ಟಿಯಾಗಿ ಕೂತಿದ್ದವು. ಫ್ಯಾನು ತಿರುಗುವುದಿರಲಿ, ಅಲುಗುವಂತೆಯೂ ಇರಲಿಲ್ಲ. ಮತ್ತೆ ಫೋನು ಮಾಡಿದಾಗ ಜಯಕರ ಬಹಳ ಹೊತ್ತು ನಕ್ಕರು. "ಬಿಸಿ ಆದ್ರೆ ಅದು ಸಾಯಬಾರದು ಅಂತ ತಾನೇ ನಿಧಾನ ಆಗ್ತದೆ. ಅದಕ್ಕೆ ಓವರ್‌ಕ್ಲಾಕ್ ಬೇಡ ದೇಸಾಯ್ರೇ, ನೀವು ಪೂಜೆ ನಿಲ್ಲಿಸಿದ್ರೆ ಸಾಕು" ಅಂದರು.

ಹಳೆಯ ಬ್ರಷ್ಷಿನಿಂದ ಕೆರೆದು, ಊದಿ, ಮೂಗು ಬಾಯಿಗೆಲ್ಲ ಪ್ರಸಾದ ತೆಗೆದುಕೊಂಡು ಸ್ವಚ್ಛ ಮಾಡಿದೆ. ಬ್ಯಾಟರಿ ತೆಗೆದು ಹಾಕಿದೆ. ಗುಂಡಿ ಒತ್ತಿದೆ. ಯಂತ್ರ ತಂದ ಮೊದಲ ದಿನದ ಹಾಗೆ ಎದ್ದು ಕೂತಿತು! ಒಂದು ಅಂಕಿಯನ್ನೂ ಏರಿಸದೆ! ಬೂದಿ ಬಣ್ಣದ ಆ ಸಾಲು ಇಷ್ಟು ಹೊತ್ತು ಹೇಳುತ್ತಿದ್ದದ್ದು ನಿಜವೇ, ಅದನ್ನು ಮುಟ್ಟುವ ಅಗತ್ಯವೇ ಇರಲಿಲ್ಲ. ಇಷ್ಟಕ್ಕೆ ನಾನು ಅದರ ಹೆಣ ಎತ್ತಿಸಿದ್ದೆ. ಬೈಸಿಕೊಳ್ಳಬೇಕಾದವನು ಯಾರೆಂದು ಗೊತ್ತಾದರೂ, ನನ್ನನ್ನು ನಾನೇ ಅಷ್ಟು ಚೆನ್ನಾಗಿ ಬೈದುಕೊಳ್ಳಲು ಯಾಕೋ ಹುರುಪು ಬರಲಿಲ್ಲ.

"ವತ್ಸಲಾ, ಬಾ ಇಲ್ಲಿ, ಹಾಡು ಜೋಡಿಸೋಣು" ಎಂದು ಕೂಗುವಷ್ಟರಲ್ಲಿ ತಾಯಿ ಮಗಳು ಬಾಗಿಲಲ್ಲಿ ಬಂದು ನಿಂತರು. ನಾವಿರುವುದು ಕೊನೆಯ ಮಹಡಿ, ನಮ್ಮ ತಲೆಯ ಮೇಲೆಯೇ ಟೆರೇಸು. ಮನೆಯಲ್ಲಿ ಕೂರಲಾಗದೆ ಇಬ್ಬರೂ ಅಲ್ಲಿಗೆ ಹೋಗಿ, ನೀರಿನ ಟಾಕಿಯ ನೆರಳಿನಲ್ಲಿ ನಿಂತು, ಹಾರ್ಮೋನಿಯಂ ಪೆಟ್ಟಿಗೆ ಇಲ್ಲದೆ, ಕೇತಕಿಯ ಮೊಬೈಲಿನಲ್ಲಿ ಪದ ರೆಕಾರ್ಡ್ ಮಾಡಿ ಕಳಿಸಿಯೂ ಆಗಿತ್ತು. ಬೀಸುವ ಪದಕ್ಕೆ ಪೆಟ್ಟಿಗೆ ಯಾಕೆ, ಅಜ್ಜಿ ಏನು ಪೆಟ್ಟಿಗೆ ಬಾರಿಸುತ್ತ ಬೀಸುತ್ತಿದ್ದಳೇ ಎಂದು ವತ್ಸಲಾ ಕೇಳಿದಳು. ಫಳಫಳ ಓಡುತ್ತಿದ್ದ ನನ್ನ ಕಂಪ್ಯೂಟರಿನ ಕಡೆ ಯಾರೂ ತಿರುಗಿ ನೋಡಲಿಲ್ಲ.

ಮುಂದಿನ ವಾರ ನಾನೂ ಕೇತಕಿಯೂ ಊಟಕ್ಕೆ ಕೂತಾಗ ಸಂಘದ ಕಾರ್ಯದರ್ಶಿ ಹೆಣ್ಣುಮಗಳ ಫೋನು ಬಂತು. ಚಪಾತಿ ಲಟ್ಟಿಸುತ್ತಿದ್ದ ವತ್ಸಲಾಳ ಕೈ ಹಿಟ್ಟಾಗಿತ್ತು, ಕೇತಕಿ ಸ್ಪೀಕರ್ ಹಾಕಿದಳು. ಕಾರ್ಯದರ್ಶಿ ವಿಜಯಪುರದವರು. "ಅಕ್ಕಾರ, ಈ ಸಲ ಒಬ್ರ ಹಾಡೂದು ನೀವ ನೋಡ್ರಿ. ಕೇಳಿ ಎಲ್ಲಾರ ಕಣ್ಣಾಗ ನೀರು ಬಂತು" ಅಂದರು. ವತ್ಸಲಾ ಲಟ್ಟಣಿಗೆ ಹಿಡಿದವಳು ಹಾಗೇ ನಿಂತಳು. ಅವಳ ಮುಖ ಹಾಗೆ ಅರಳಿದ್ದನ್ನು ನಾನು ನೋಡಿ ಎಷ್ಟೋ ವರ್ಷವಾಗಿತ್ತು.

"ಖರೆ ಒಂದ ಮಾತ ಕೇಳ್ತೀನ್ರೀ," ಕಾರ್ಯದರ್ಶಿ ಮುಂದುವರಿಸಿದರು, "ನಡುನಡುವ ಹಿಂದಿನಿಂದ ಯಾರೋ ಗಂಡಸು ಒದರ್ಯಾಡತಾರಲ್ಲ, ಹೆಣಾ ಎತ್ಲಿ ಅಂತ. ಯಾರ್ರೀ ಅವರು?"

ವತ್ಸಲಾ ನನ್ನ ಕಡೆ ಒಮ್ಮೆ ನೋಡಿದಳು.

"ಯಾರೋ ನಮ್ಮ ಬಿಲ್ಡಿಂಗ್‌ನವರ್ರೀ," ಅಂದಳು. "ಪಾಪ."

ನನಗೆ ಎಂಥ ಸಿಟ್ಟು ಬಂತೆಂದರೆ, ಕೈಯಲ್ಲಿದ್ದ ಚಪಾತಿ ತುತ್ತನ್ನು ತಾಟಿಗೆ ಬಿಸಾಕಿ ಬಾಯಿ ತೆರೆದೆ. ಫೋನು ಇನ್ನೂ ಸ್ಪೀಕರಿನ ಮೇಲಿತ್ತು. ದನಿಯ ಗುರುತು ಹತ್ತೀತೆಂದು ತೆರೆದ ಬಾಯಿಗೆ ಅದೇ ತುತ್ತನ್ನು ಇಟ್ಟುಕೊಂಡೆ.