ಜಂತುಹುಳದ ಔಷಧಿಯೂ ನನ್ನ ದಿಗ್ವಿಜಯವೂ

ಮದುವೆಯಾದಾಗಿನಿಂದ ನಮ್ಮ ಮನೆಯಲ್ಲಿ ನನ್ನ ಮಾತು ನಡೆದದ್ದು ಒಂದೇ ಸಲ. ಅದನ್ನು ಯಾರಿಗಾದರೂ ಹೇಳಿಕೊಳ್ಳದಿದ್ದರೆ ನನಗೆ ತಿಂದದ್ದು ಅರಗುವುದಿಲ್ಲ. ಆದ್ದರಿಂದ ಸ್ವಲ್ಪ ಕೂತುಕೊಳ್ಳಿ.

ವಿಷಯ ಮೊಲಗಳದ್ದು. ಹಿತ್ತಲಿನ ಗೂಡಿನಲ್ಲಿ ನಮಗೆ ಎರಡಿವೆ. ಅರ್ನಾಲ್ಡ್ ಎಂಬ ಪುಂಡ, ವಿನಿಫ್ರೆಡ್ ಎಂಬ ಮುದುಕಿ. ಅರ್ನಾಲ್ಡ್‌ಗೆ ಯಾರಾದರೂ ಒಂದೇ, ಎಲ್ಲರನ್ನೂ ಕಚ್ಚುತ್ತಾನೆ. ವಿನಿಫ್ರೆಡ್ ಮಾತ್ರ ಇಡೀ ಯಾರ್ಕ್‌ಶೈರಿನಲ್ಲಿ ಒಬ್ಬನೇ ಒಬ್ಬ ಮನುಷ್ಯನನ್ನು ನಂಬುತ್ತಾಳೆ, ಅದು ನನ್ನನ್ನು. ನನ್ನ ಹೆಂಡತಿ ಮ್ಯೂರಿಯಲ್ ಹತ್ತಿರ ಬಂದರೆ ಹಿಂಗಾಲಿನಿಂದ ದಬದಬ ನೆಲಕ್ಕೆ ಬಡಿಯುತ್ತಾಳೆ. (ನನಗೂ ಹಾಗೆ ಬಡಿಯಬೇಕು ಅನ್ನಿಸಿದ್ದುಂಟು. ಧೈರ್ಯ ಸಾಲಲಿಲ್ಲ.)

ಮೇ ತಿಂಗಳ ಒಂದು ಭಾನುವಾರ ನಾನು ಬೇಕನ್ ಸ್ಯಾಂಡ್‌ವಿಚ್ಚಿಗೆ ಬಾಯಿ ಹಾಕುವಷ್ಟರಲ್ಲಿ ಮ್ಯೂರಿಯಲ್ ಹಿತ್ತಲಿನಿಂದ ಬಂದಳು.

"ವಿನಿಫ್ರೆಡ್ ಹಿಂದುಗಡೆ ನೋಡಿದ್ಯಾ?"

"ತಿಂತಾ ಇದೀನಿ ಕಣೇ!"

"ಹಿಕ್ಕೆ ಮೆತ್ತಗೆ ಅಂಟಂಟಾಗಿ ಮೆತ್ಕೊಂಡಿದೆ. ಜಂತುಹುಳನೇ, ಗ್ಯಾರಂಟಿ. ಇನ್ಮೇಲೆ ವರ್ಷಕ್ಕೆ ನಾಲ್ಕು ಸಲ ಇಬ್ಬರಿಗೂ ಔಷಧಿ ಹಾಕೋದೇ."

ನಾನು ಸ್ಯಾಂಡ್‌ವಿಚ್ ಕೆಳಗಿಟ್ಟೆ. 'ಹಾಕೋದೇ' ಅಂದರೆ ಯಾರು ಹಾಕುವುದು ಎಂದು ಕೇಳುವಷ್ಟು ದಡ್ಡ ನಾನಲ್ಲ. ಸೂಜಿಯಿಲ್ಲದ ಸಿರಿಂಜಿನಲ್ಲಿ ಬಿಳಿ ಪೇಸ್ಟು ತುಂಬಿ, ಮೊಲವನ್ನು ಟವೆಲಿನಲ್ಲಿ ಸುತ್ತಿ, ದವಡೆಯ ಸಂದಿಗೆ ತೂರಿಸಿ ಒತ್ತಬೇಕು. ಅದೂ ವಾರಕ್ಕೂ ಮೀರಿ ದಿನಾ ಬೆಳಿಗ್ಗೆ! ಕೈ ಪರಚಿದರೆ ಪರಚಲಿ. ಆದರೆ ವಿನಿಫ್ರೆಡ್ ಆಮೇಲೆ ನನ್ನನ್ನು ಕಂಡರೆ ಓಡುವಂತಾದರೆ? ಕೆಲಸದಿಂದ ನಿವೃತ್ತನಾದ ಮೇಲೆ ನನ್ನನ್ನು ಕಂಡು ಖುಷಿಯಿಂದ ಹತ್ತಿರ ಬರುವ ಜೀವ ಅದೊಂದೇ. ಅದನ್ನು ಕಳೆದುಕೊಳ್ಳಲು ನಾನು ತಯಾರಿರಲಿಲ್ಲ.

"ಹುಳ ಇದೆಯೋ ಇಲ್ವೋ ಗೊತ್ತಿಲ್ದೆ ಔಷಧಿ ಹಾಕೋದು ಅನ್ಯಾಯ," ಎಂದೆ.

"ಅನ್ಯಾಯ ಅಂತೆ! ಮೇಬಲ್‌ಗೂ ನೀನು ಹೀಗೇ 'ನೋಡೋಣ, ನೋಡೋಣ' ಅಂದೆ. ಕತ್ತು ವಾಲಿಸ್ಕೊಂಡು ಸುತ್ತಿ ಸುತ್ತಿ ಹೋಗ್ಬಿಟ್ಟಿತು ಪಾಪದ್ದು."

ಮೇಬಲ್ ನಮ್ಮ ಹಿಂದಿನ ಮೊಲ. ಅವಳ ಹೆಸರು ಬಂದರೆ ಸಾಮಾನ್ಯವಾಗಿ ನಾನು ಶರಣಾಗುತ್ತೇನೆ. ಆದರೆ ಅವತ್ತು ನನ್ನೊಳಗೆ ಯಾವ ವೀರಾವೇಶ ಹೊಕ್ಕಿತೋ ಕಾಣೆ.

"ಹಿಕ್ಕೆ ಪರೀಕ್ಷೆ ಮಾಡಿಸೋಣ. ಹುಳ ಇದ್ರೆ ನಾನೇ ಹಾಕ್ತೀನಿ. ಇಲ್ದಿದ್ರೆ ಈ ಮನೇಲಿ ಔಷಧಿ ಅಂತ ಯಾರೂ ಉಸಿರೆತ್ತಬಾರದು!"

"ಆಗ್ಲಪ್ಪಾ, ಆಯ್ದು ತುಂಬೋದು ಮಾತ್ರ ನೀನೇ," ಎಂದಳು.

ಆಯ್ದೆ. ಮಂಡಿಯೂರಿ, ಕನ್ನಡಕ ಏರಿಸಿ, ಮುತ್ತು ಆಯುವವನ ಶ್ರದ್ಧೆಯಿಂದ ಕೆಲವು ದಿನ ಆಯ್ದು, ಈರುಳ್ಳಿ ಉಪ್ಪಿನಕಾಯಿಯ ಖಾಲಿ ಸೀಸೆಗೆ ತುಂಬಿ ಫ್ರಿಜ್ಜಿನಲ್ಲಿಟ್ಟೆ. (ನೀವು ಊಹಿಸಿದ್ದು ಆಗಲಿಲ್ಲ. ಯಾರೂ ತಿನ್ನಲಿಲ್ಲ. ಆದರೆ ಆ ವಾರವೆಲ್ಲಾ ನಮ್ಮಲ್ಲಿ ಯಾರೂ ಉಪ್ಪಿನಕಾಯಿಯನ್ನೂ ಮುಟ್ಟಲಿಲ್ಲ.)

ಫಲಿತಾಂಶದ ದಿನ ವಿನಿಫ್ರೆಡ್‌ಳನ್ನೂ ಕರೆದುಕೊಂಡು ಪಶುವೈದ್ಯೆ ಹಾರ್ಡ್‌ಕ್ಯಾಸಲ್ ಅವರ ಮುಂದೆ ಕೂತೆವು. ಮ್ಯೂರಿಯಲ್ ಚರ್ಚಿಗೆ ಹೋಗುವ ಕೋಟು ಹಾಕಿದ್ದಳು.

"ಒಂದು ಹುಳ ಇಲ್ಲ, ಒಂದು ಮೊಟ್ಟೆ ಇಲ್ಲ," ಎಂದರು ವೈದ್ಯೆ. "ಮನೇಲಿ ಸಾಕಿದ ಮೊಲಕ್ಕೆ ಸುಮ್ ಸುಮ್ನೆ ವರ್ಷವಿಡೀ ಔಷಧಿ ಕೊಡೋದು ಬೇಡ. ಏನಾದ್ರೂ ಕಂಡಾಗ ಕೊಟ್ರೆ ಸಾಕು. ನಿಮ್ಮ ಯಜಮಾನರು ಹೇಳಿದ್ದೇ ಸರಿ."

ಆಹಾ! ಆ ಕೊನೆಯ ವಾಕ್ಯವನ್ನು ಇನ್ನೊಮ್ಮೆ ಹೇಳಿ ಎಂದು ಕೇಳಿದೆ. ಪುಣ್ಯಾತ್ಗಿತ್ತಿ, ಹೇಳಿದರು.

"ಹಾಗಾದ್ರೆ ನಮ್ಮ ಮೇಬಲ್?" ಎಂದಳು ಮ್ಯೂರಿಯಲ್, ಸಣ್ಣ ದನಿಯಲ್ಲಿ.

"ಅದು ಹೊಟ್ಟೆಹುಳ ಅಲ್ಲ, ಬೇರೆ ಕಾಯಿಲೆ. ಇನ್ನೂ ಬೇಗ ಕರ್ಕೊಂಡು ಬಂದಿದ್ರೂ ಉಳೀತಿರಲಿಲ್ಲ. ನಿಮ್ಮ ತಪ್ಪೇನೂ ಇಲ್ಲ."

ಮ್ಯೂರಿಯಲ್ ಮೂಗು ಒರೆಸಿಕೊಂಡಳು. ನಾನು ಅವಳ ಕೈ ಹಿಡಿದುಕೊಂಡೆ. ಅಲ್ಲಿಗೇ ಎದ್ದು ಬಂದಿದ್ದರೆ ನನ್ನಂಥ ಸುಖಿ ಇನ್ನೊಬ್ಬನಿರುತ್ತಿರಲಿಲ್ಲ. ಆದರೆ ಗೆದ್ದವನ ಬಾಯಿ ಸುಮ್ಮನಿರುತ್ತದೆಯೇ?

"ವಿನಿಫ್ರೆಡ್ ವಿಷಯ ನನ್ನ ಬಿಟ್ರೆ ಯಾರಿಗ್ರೀ ಗೊತ್ತು ಡಾಕ್ಟ್ರೇ? ನಾನು ಎತ್ಕೊಂಡ್ರೆ ಮಗು ಥರ ಮಲಗ್ತಾಳೆ. ಅಂಗಾತ ಮಲಗಿಸಿದ್ರೂ ಮಿಸುಕಲ್ಲ. ಬೇರೆ ಯಾರೂ ಮುಟ್ಟೋ ಹಾಗೇ ಇಲ್ಲ!"

"ಅಬ್ಬಾ, ಒಳ್ಳೇದಾಯ್ತು," ಎಂದರು ವೈದ್ಯೆ. "ಅದನ್ನೇ ಕೇಳೋಣ ಅಂತಿದ್ದೆ. ಮೊಲಗಳು ಆ ಮೆತ್ತನೆ ಹಿಕ್ಕೇನ ಬಗ್ಗಿ ತಾವೇ ತಿಂದ್ಬಿಡ್ತಾವೆ. ಇವಳಿಗೆ ವಯಸ್ಸಾಗಿ ಸೊಂಟ ಬಗ್ತಾ ಇಲ್ಲ. ಅದಕ್ಕೇ ಅಂಟ್ಕೊಳ್ಳೋದು. ಈ ಸೆಖೇಲಿ ನೊಣ ಬಂದು ಅಲ್ಲಿ ಮೊಟ್ಟೆ ಇಟ್ಟು, ಅದು ಹುಳ ಆಗಿ ಮೈ ಕೊರೆದ್ರೆ ಜೀವಕ್ಕೇ ಅಪಾಯ. ಬೆಳಿಗ್ಗೆ, ಸಂಜೆ ಬೆಚ್ಚಗಿನ ನೀರಲ್ಲಿ ತೊಳೆದು, ಒರೆಸಿ, ಒಣಗಿಸ್ಬೇಕು."

"ಎಷ್ಟು ದಿನ?" ಎಂದೆ.

"ಎಷ್ಟು ದಿನ ಅಂದ್ರೆ? ಅವಳಿರೋವರೆಗೂ."

ಮ್ಯೂರಿಯಲ್ ನನ್ನ ಕಡೆ ತಿರುಗಿದಳು. ಅಷ್ಟು ಪ್ರೀತಿಯಿಂದ ಅವಳು ನನ್ನನ್ನು ನೋಡಿ ಎಷ್ಟೋ ಕಾಲವಾಗಿತ್ತು. "ಇವರನ್ನ ಬಿಟ್ರೆ ಅವಳು ಬೇರೆ ಯಾರ ಕೈಗೂ ಸಿಗಲ್ಲ ಡಾಕ್ಟ್ರೇ," ಎಂದಳು. "ಹುಳದ ಔಷಧಿ ಆಗಿದ್ರೆ ಸಲಕ್ಕೆ ಹತ್ತು ದಿನದಲ್ಲಿ ಮುಗಿದು ಹೋಗ್ತಿತ್ತು. ಆದ್ರೆ ಇವರು ಅದಕ್ಕೆ ಒಪ್ಪಲೇ ಇಲ್ಲ ನೋಡಿ!"

ನಿನ್ನೆ ಸಂಜೆ ಹಿತ್ತಲಿನಲ್ಲಿ ಬಕೆಟ್ಟು, ಹತ್ತಿ ಉಂಡೆ, ಟವೆಲು ಹರಡಿಕೊಂಡು ಕೂತಿದ್ದೆ. ವಿನಿಫ್ರೆಡ್ ನನ್ನ ತೊಡೆಯ ಮೇಲೆ ಅಂಗಾತ ಮಲಗಿ, ಕಣ್ಣು ಅರ್ಧ ಮುಚ್ಚಿ, ಮಹಾರಾಣಿಯಂತೆ ಸೇವೆ ಮಾಡಿಸಿಕೊಳ್ಳುತ್ತಿದ್ದಳು. ಬೇಲಿಯ ಮೇಲಿಂದ ಪಕ್ಕದ ಮನೆಯ ಟ್ರೆವರ್ ತಲೆ ಮೂಡಿತು.

"ಏನೋ ಕ್ಲಿಫರ್ಡ್, ಮ್ಯೂರಿಯಲ್ ಜೊತೆ ವಾದ ಮಾಡಿ ಗೆದ್ದುಬಿಟ್ಟೆಯಂತಲ್ಲೋ?"

"ಹೂಂ ಕಣೋ," ಎಂದೆ, ಮೊಲದ ಅಂಡು ಒರೆಸುತ್ತಾ. "ಭರ್ಜರಿ ಗೆಲುವು."