ಹಲಗಿ ನೆಲದ ಮನಿಗೆ ದಿಕ್ಕು ಹುಡುಕಿದ್ದು

ಮನಿ ಕಟ್ಟಸೋ ಮಂದಿ ನಡುವ ಬದುಕೋ ಬಡಿಗ್ಯಾಗ ತಲಿ ಕೆಡೋ ಸಂಗತಿಗೇನೂ ಬರ ಇಲ್ರಿ. ವರ್ಷಕ್ಕ ಒಂದಾದ್ರೂ ಬಂದು ಬಡೀತದ. ಆದ್ರ ಎಂಬತ್ತನೇ ಇಸವಿ ಸುಮಾರಿಗೆ ರಾಯಚೂರಾಗ ಒಂದೇ ಮನ್ಯಾಗ ನನಗ ಆದದ್ದು ಹೇಳ್ತೀನಿ ಕೇಳ್ರಿ. ಆವತ್ತಿಂದ ಯಾರಾರ "ಉತ್ತರ ಯಾ ಕಡಿ?" ಅಂತ ಕೇಳಿದ್ರ ನಾ "ಯಾರ ಲೆಕ್ಕದಾಗ?" ಅಂತ ತಿರುಗಿ ಕೇಳ್ತೀನಿ.

ಫರಸಿ ಬ್ಯಾಡಂತ

ನಮ್ಮ ಕಡಿ ಬಿಸಲಿಗೆ ಎಲ್ಲಾರೂ ನೆಲಕ್ಕ ಶಹಾಬಾದಿ ಫರಸಿ ಕಲ್ಲು ಹಾಸ್ತಾರ. ಮಧ್ಯಾಹ್ನ ಬರೇ ನೆಲದ ಮ್ಯಾಲ ಮಕ್ಕೊಂಡ್ರ ಜೀವ ತಣ್ಣಗಾಗ್ತದ. ಈ ಮನಿ ಸಾವುಕಾರ್ರು ಹತ್ತಿ ವ್ಯಾಪಾರಸ್ತರು. ಮುಂಬೈದಾಗ ಯಾರದೋ ಮನಿ ನೆಲಕ್ಕ ಹಲಗಿ ಹಾಸಿದ್ದು ನೋಡಿ ಬಂದಿದ್ರು. "ನಂಗೂ ಹಲಗೀನ ಬೇಕು" ಅಂತ ಹಟ ಹಿಡದ್ರು.

"ಸಾವುಕಾರ್ರ, ನಮ್ಮೂರಾಗ ಗೆದ್ದಲಿ ಅವರೀ" ಅಂದ್ನಿ.

"ಮುಂಬೈದಾಗಿಲ್ಲೇನು?" ಅಂದ್ರು. ನಾ ಮುಂಬೈ ನೋಡಿಲ್ಲ, ಅಳತಿ ಪಟ್ಟಿ ತಗದ್ನಿ.

ಅವರ ಹೆಂಡ್ತಿಗೆ ನಾವೆಲ್ಲಾ ಅಕ್ಕಾರ ಅಂತಿದ್ವಿ. ಹನ್ನೆರಡು ವರ್ಷ ಬಾಡಗಿ ಮನ್ಯಾಗ ಬಾಳೇವು ಮಾಡಿದಾಕಿ. ಗ್ವಾಡಿಗೆ ಒಂದು ಮೊಳಿ ಬಡೀಬೇಕಂದ್ರೂ ಮಾಲಕ್ರ ಮುಂದ ಕೈ ಕಟಗೊಂಡು ನಿಲ್ಲಬೇಕು. ಪಾಪ, ಆಕಿಗೆ ಸಾಕಾಗಿ ಹೋಗಿತ್ತು. ನನ್ನ ಮುಂದನ ಗಂಡಗ ಹೇಳಿದ್ಲು: "ನೆಲಕ್ಕ ಹಲಗಿರ ಹಾಕ್ರಿ, ಬಂಗಾರರ ಹಾಕ್ರಿ. ಈ ವೈಶಾಖದಾಗ ನನ್ನ ಸ್ವಂತ ಒಲಿ ಮ್ಯಾಲ ಹಾಲು ಉಕ್ಕಬೇಕು. ಇಲ್ಲಂದ್ರ ನಾ ಮಾನವಿಗೆ ತವರಿಗೆ ಹೋಗ್ತೀನಿ, ನೀವೊಬ್ರ ಹಲಗಿ ಮ್ಯಾಲ ಹೊಳ್ಳಾಡ್ರಿ!"

ಬಾಣ

ಆಗ ದೇವಸುಗೂರು ಕಡಿ ಕರೆಂಟಿನ ಕಾರಖಾನಿ ಕಟ್ಟೋ ದೊಡ್ಡ ಕೆಲಸ ನಡದಿತ್ತು. ಅಲ್ಲಿ ಮಷೀನು ತುಂಬಿ ಬಂದ ಕಟಗಿ ಪೆಟಿಗಿ ಹರಾಜಿನಾಗ ಸಿಗತಿದ್ವು. ಸಾವುಕಾರ್ರು ಎರಡು ಲಾರಿ ತಂದು ಕೆಡವಿದ್ರು. ಹಲಗಿ ಮ್ಯಾಲ ಇಂಗ್ಲೀಷ್ ಅಕ್ಷರ, ಕಪ್ಪು ಬಾಣದ ಗುರ್ತು. ನಾ ರಂದಾ ಹೊಡದು ಹೆರದು ಅಳಸಾಕ ಹೋದ್ರ ಸಾವುಕಾರ್ರು ಕೈ ಹಿಡದ್ರು.

"ಏ, ಅಳಸಬ್ಯಾಡೋ! ಫಾರಿನ್ ಕಟಗಿ ಅಂತ ಮಂದಿಗೆ ಹೆಂಗ ಗೊತ್ತಾಗಬೇಕು?"

ಹಂಗ ಹಾಸಿದ್ನಿ. ಪಡಸಾಲ್ಯಾಗ ನಾಕು ಬಾಣ, ಒಂದು ಆ ಕಡಿ, ಒಂದು ಈ ಕಡಿ.

ವಾಸ್ತು ನೋಡಾಕ ಮಾನವಿಯಿಂದ ಒಬ್ರು ಶಾಸ್ತ್ರಿಗಳು ಬಂದ್ರು. ದಿಕ್ಸೂಚಿ ತಗದು ನೆಲಕ್ಕಿಟ್ಟಾರ, ಬಾಣ ಕಂಡು ಮಾರಿ ಕೆಂಪಗಾತು. "ನನಗಿಂತ ಮದಲ ಯಾವ ಶಾಸ್ತ್ರಿನ್ನ ಕರಸೀರಿ? ಖರೇ ಹೇಳ್ರಿ!"

"ಯಾರೂ ಬಂದಿಲ್ರಿ, ಅದು ಪೆಟಿಗಿ ಮ್ಯಾಲಿನ ಗುರ್ತರೀ" ಅಂತ ನಾ ಆಣಿ ಮಾಡಿ ಹೇಳಿದ್ರೂ ನಂಬಲಿಲ್ಲ. ಒಂದೊಂದು ಬಾಣದ ಮುಂದೂ ಕುಕ್ಕರಗಾಲಿಲೆ ಕುಂತು ತಮ್ಮ ದಿಕ್ಸೂಚಿ ಜೋಡಿ ಹೊಂದಿಸಿ ನೋಡಿದ್ರು. ಕಡೀಕ ಎದ್ದು ಧೋತರ ಝಾಡಿಸಿ ಅಂದ್ರು: "ಮೂರು ತಪ್ಪು ಹಾಕ್ಯಾನ. ನಾಕನೇದು ಸರಿ ಅದ. ಅಂವ ಪೂರಾ ದಡ್ಡೇನಲ್ಲ."

ಎರಡು ಬಾಗಲ

ಗ್ವಾಡಿ ಎದ್ದಿದ್ರೂ ತಲಬಾಗಲ ಇನ್ನೂ ಕೂಡಿಸಿದ್ದಿಲ್ಲ. ಶಾಸ್ತ್ರಿಗಳು ಪೂರ್ವಕ್ಕಿರಲಿ ಅಂದ್ರು, ಇಟ್ವಿ. ಎಂಟು ದಿನಕ್ಕ ದೇವದುರ್ಗದಿಂದ ಸಾವುಕಾರ್ರ ಸ್ವಾದರಮಾವ ಬಂದ. ಅಂವನೂ ವಾಸ್ತು ಬಲ್ಲಾಂವ. "ಯಾ ಹುಚ್ಚ ಹೇಳಿದ? ಬಾಗಲ ಉತ್ತರಕ್ಕ ಬೇಕು!" ಅಂದ. ಕಿತ್ತು ಉತ್ತರಕ್ಕ ಇಟ್ವಿ. ಶಾಸ್ತ್ರಿಗಳು ತಿರುಗಿ ಬಂದ್ರು. ಮತ್ತ ಪೂರ್ವಕ್ಕ. ಚೌಕಟ್ಟು ಹೊತ್ತು ಹೊತ್ತು ನನ್ನ ಹೆಗಲು ಬಾತಿತ್ತು. ಅಕ್ಕಾರು ದಿನಾ ಬಂದು ಒಡದ ಗ್ವಾಡಿ ನೋಡಿ ಬಾಡಗಿ ಮನಿಗೆ ಹೊಳ್ಳಿ ಹೋಗತಿದ್ಲು. ನನಗ ಸಂಕಟ ಆಗತಿತ್ತು.

ಗ್ವಾಡಿ ಕಟ್ಟೋ ಗೌಂಡಿ ಚಾಚಾಗ ತಾಳ್ಮಿ ತಪ್ಪಿತು. ಕರಣಿ ಒಗದು, "ಸಾವುಕಾರ್ ಸಾಬ್, ಎರಡೂ ಕಡಿ ಇಡ್ತೀನಿ. ಲಕ್ಷ್ಮೀನ ಯಾ ಬಾಗಲದಾಗ ಬರಬೇಕು ಅಂತ ನೋಡ್ಕೊಳ್ಳಲಿ" ಅಂದ.

ಸಾವುಕಾರ್ರಿಗೆ ಜೀವ ಬಂದಂಗಾತು. ಸ್ವಾದರಮಾವ ಗದ್ದ ತುರಸಗೋತ ಕೇಳಿದ: "ಒಂದರಾಗ ಬಂದು ಇನ್ನೊಂದರಾಗ ಹ್ವಾದ್ರ?"

ಸಾರಿಸಿದ್ದು

ಅಂತೂ ವೈಶಾಖದಾಗ ಮುಹೂರ್ತ ಇಟ್ರು. ಹಿಂದಿನ ದಿನ ಮಾನವಿಯಿಂದ ಅಕ್ಕಾರ ತವರಿನ ಮುದುಕೇರು ಗಾಡಿ ತುಂಬ ಬಂದಿಳದ್ರು. ನಾ ಊಟಕ್ಕ ಹೋಗಿದ್ನಿ. ಬಂದು ನೋಡ್ತೀನಿ, ಹಲಗಿ ಕಾಣವಲ್ವು! ಇಪ್ಪತ್ತು ಕೊಡ ನೀರು ಹೊಡದು, ಹಸಿ ಸಗಣಿಲೆ ಪಡಸಾಲಿ ಪೂರಾ ಸಾರಿಸಿ, ಮ್ಯಾಲ ರಂಗೋಲಿ ಹಾಕ್ಯಾರ.

"ಯವ್ವಾ, ಇದು ಕಟಗಿ ಬೇ!" ಅಂತ ಬಾಯಿ ಬಡಕೊಂಡ್ನಿ.

ಒಬ್ಬಾಕಿ ಮುದುಕಿ ನನ್ನನ್ನ ಕನಿಕರದಿಂದ ನೋಡಿದ್ಲು. "ಅದಕ್ಕ ನೋಡಪ್ಪಾ, ಸಗಣಿ ನಿಲ್ಲವಲ್ದು ಅಂತ ಎರಡು ಸಲ ಸಾರಿಸೀವಿ" ಅಂದ್ಲು.

ಆಕಳ

ಮರುದಿನ ಮುಂಜಾನೆ ಎಲ್ಲಾರೂ ಅಂಗಳದಾಗ ನೆರದ್ರು. ಮುಂದ ಪೂಜಿ ಮಾಡಿದ ಆಕಳ, ಅದರ ಹಿಂದ ಹಾಲಿನ ಗಡಿಗಿ ಹಿಡದ ಅಕ್ಕಾರು. ಮದಲ ಆಕಳ ಒಳಗ ಹೋಗಬೇಕು, ಆಮ್ಯಾಲ ಮನಿ ಮಂದಿ. ನಾ ಪೂರ್ವದ ಬಾಗಲ ನೂಕಿದ್ನಿ. ತೆರೀಲಿಲ್ಲ. ಉತ್ತರದ್ದು ನೂಕಿದ್ನಿ. ಅದೂ ತೆರೀಲಿಲ್ಲ. ಸಂದ ಬಿಡದಂಗ ಜೋಡಿಸಿದ ನನ್ನ ಹಲಗಿ ನೀರು ಕುಡದು ಉಬ್ಬಿ, ಒಳಗಿಂದ ಎರಡೂ ಬಾಗಲಕ್ಕ ಒದ್ದು ಕುಂತಿದ್ವು.

"ಪೂರ್ವದ್ದು ಒಡೀರಿ!" ಅಂದ್ರು ಶಾಸ್ತ್ರಿಗಳು.

"ಉತ್ತರದ್ದು ಒಡೀರಿ!" ಅಂದ ಸ್ವಾದರಮಾವ.

ನಾ ಕೊಡಲಿ ಹಿಡದು ಇಬ್ರ ಮಾರಿ ನೋಡ್ಕೋತ ನಿಂತ್ನಿ. ಸಾವುಕಾರ್ರು ನನ್ನ ಮಾರಿ ನೋಡಿದ್ರು. ಮುಹೂರ್ತ ಮುಗಿಯಾಕ ಬಂದಿತ್ತು. ಅಕ್ಕಾರ ಕಣ್ಣಾಗ ನೀರು ಬಂದ್ವು.

ಅಷ್ಟರಾಗ ಆಕಳ ಕಾಣಲಿಲ್ಲ. ನೋಡಿದ್ರ ಮನಿ ಹಿಂದ ಅದ! ಅಡಗಿ ಮನಿಗೆ ಮಾತ್ರ ಬೆಂಕಿ ಭಯಕ್ಕ ಫರಸಿ ಹಾಸಿದ್ವಿ, ಅದರ ಹಿತ್ತಲ ಬಾಗಲ ತೆರದಿತ್ತು. ಊಟಕ್ಕಂತ ಒಳಗಿಟ್ಟ ಮೆಂತೆ ಪಲ್ಲೆದ ವಾಸನಿಗೆ ಆಕಳ ಹೊಸ್ತಿಲಕ್ಕ ಕಾಲಿಟ್ಟಿತ್ತು.

"ಅದು ದಕ್ಷಿಣ! ಹೋಗಬಾರದು!" ಶಾಸ್ತ್ರಿಗಳು, ಸ್ವಾದರಮಾವ ಮದಲ್ನೇ ಸಲ ಕೂಡೇ ಚೀರಿದ್ರು.

ಆಕಳ ಹೋತು. ಅಕ್ಕಾರು ಸೆರಗು ಸೊಂಟಕ್ಕ ಸಿಗಿಸಿ, ಗಡಿಗಿ ಎದಿಗವಚಿ, ಅದರ ಬೆನ್ನ ಹಿಂದ ಹೋಗೇಬಿಟ್ಲು. ಒಲಿ ಹೊಗಿ ಕಿಡಕ್ಯಾಗ ಕಂಡಿತು. ತುಸು ಹೊತ್ತಿಗೆ ಸುಂಯ್ ಅಂತ ಸಪ್ಪಳ ಬಂತು.

ಇಬ್ರೂ ಕಿಡಕಿ ಸರಳು ಹಿಡಕೊಂಡು ಒಳಗ ಮಾರಿ ತುರಕಿದ್ರು.

"ತಂಗೀ, ಹಾಲು ಪೂರ್ವಕ್ಕ ಉಕ್ಕಿತೇನವಾ?"

"ಉತ್ತರಕ್ಕ ಹೌದಲ್ಲವಾ?"

ಒಳಗಿಂದ ಅಕ್ಕಾರು ಅಳಕೋತ, ನಗಕೋತ ಒದರಿದ್ಲು: "ನನ್ನ ಮನ್ಯಾಗ ಉಕ್ಕೇದರೀ, ನನ್ನ ಮನ್ಯಾಗ!"